ಕಾಣೆಯಾದ ಬಾಂಬರ್ ಸಿಬ್ಬಂದಿಯ ಶೋಧ: ಸಕಲೇಶಪುರ–ಆಲೂರು ಬೆಟ್ಟಸಾಲಿನಲ್ಲಿ ಆಕರಗಳ ಪ್ರಶ್ನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನ ಬಾಂಬರುಗಳಿಗೂ ನೆಲೆ ಕೊಟ್ಟಿತ್ತು. ರಾಯಲ್ ಏರ್ ಫೋರ್ಸಿನ 358ನೇ ಸ್ಕ್ವಾಡ್ರನ್ 1944ರ ನವೆಂಬರ್ 8ರಂದು ರೂಪುಗೊಂಡದ್ದು ಕೋಲಾರದಲ್ಲಿ. ಅದರ ವಿಮಾನ ಲಿಬರೇಟರ್. ನಾಲ್ಕು ಎಂಜಿನ್, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಕೋಲಾರದಿಂದ ಸಕಲೇಶಪುರಕ್ಕೆ ನೇರ ದೂರ ಸುಮಾರು 250 ಕಿ.ಮೀ., ಆ ವಿಮಾನಕ್ಕೆ ಒಂದು ಗಂಟೆಯೊಳಗಿನ ಹಾದಿ. ಘಟ್ಟದಂಚಿನಲ್ಲಿ ಮಳೆಗಾಲದ ಮೋಡ ಬೆಟ್ಟಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ವಾಯುಭಾರ ಕಡಿಮೆಯಿರುವ ಕಡೆಗೆ ಹಾರುವಾಗ ಎತ್ತರಮಾಪಕ ನಿಜವಾದ ಎತ್ತರಕ್ಕಿಂತ ಹೆಚ್ಚು ತೋರಿಸುತ್ತದೆ. ಬಿಸಿಲೆ ಘಾಟಿಯಾಚೆಗೆ ನಿಂತಿರುವ ಕುಮಾರಪರ್ವತದ ಎತ್ತರ 1,712 ಮೀಟರ್. ಇಂಥಲ್ಲಿ ಬಾಂಬರೊಂದು ಕಾಣೆಯಾದರೆ ಅದರ ಸಿಬ್ಬಂದಿ ಏನಾದರೆಂದು ಯಾವ ಆಕರದಿಂದ ತೀರ್ಮಾನಿಸಬೇಕು? ವಾಯುಪಡೆಯ ಕಡತದಷ್ಟೇ ತೂಕ ಕಾಫಿ ತೋಟದ ಲೆಕ್ಕಪುಸ್ತಕಕ್ಕೂ ಇದೆ ಎಂಬುದು ನನ್ನ ವಾದ.

ಮೊದಲ ತೊಡಕು ಗಡಿಯದು. ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಎಂಬ ಹೆಸರೂ ಇತ್ತು. ಆ ಹೆಸರಿನಲ್ಲಿ ಹುಡುಕದವರಿಗೆ ಹಳೆಯ ಕಡತ ಸಿಗುವುದಿಲ್ಲ. ಅದರ ಪಶ್ಚಿಮಕ್ಕೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ, ದಕ್ಷಿಣಕ್ಕೆ ಚೀಫ್ ಕಮಿಷನರ್ ಆಳ್ವಿಕೆಯ ಕೊಡಗು. ಮೂರು ಸರ್ಕಾರಗಳ ಕಾಡು ಬಿಸಿಲೆಯ ಸುತ್ತ ಒಂದಕ್ಕೊಂದು ತಾಗಿಕೊಂಡಿತ್ತು. ವಿಮಾನ ಬಿದ್ದದ್ದು ಬೆಟ್ಟದ ಯಾವ ಮಗ್ಗುಲಿಗೆ ಎಂಬುದರ ಮೇಲೆ ವರದಿ ಹೋಗುವ ಕಚೇರಿಯೇ ಬದಲಾಗುತ್ತದೆ. ಹಾಸನ ಜಿಲ್ಲೆಯ ಆಲೂರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೂ ಒಂದು ಆಲೂರು ತಾಲ್ಲೂಕಿತ್ತು. ಅದು ಈಗ ಆಂಧ್ರದಲ್ಲಿದೆ. ಸೇನಾ ದಾಖಲೆಯಲ್ಲಿ ಜಿಲ್ಲೆಯ ಹೆಸರಿಲ್ಲದೆ ‘ಆಲೂರು’ ಎಂದಷ್ಟೇ ಕಂಡರೆ, ಅಕ್ಷಾಂಶ ರೇಖಾಂಶ ನೋಡದೆ ಹಾಸನದ ಲೆಕ್ಕಕ್ಕೆ ಸೇರಿಸಬಾರದು.

ನೆಲದ ಸಾಕ್ಷ್ಯದ ಬಲಕ್ಕೆ ಅರುಣಾಚಲದ ಒಂದು ಪ್ರಕರಣ ನೋಡಬಹುದು. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ‘ಹಾಟ್ ಆ್ಯಸ್ ಹೆಲ್’ ಎಂಬ ಅಮೆರಿಕನ್ ಲಿಬರೇಟರ್ ಎಂಟು ಮಂದಿಯೊಂದಿಗೆ ಕಾಣೆಯಾಯಿತು. 2006ರಲ್ಲಿ ಕಾಣೆಯಾದ ವಿಮಾನಗಳ ಶೋಧಕ ಕ್ಲೇಟನ್ ಕೂಲ್ಸ್ ಅದರ ಅವಶೇಷಗಳನ್ನು ದಮ್ರೋ ಬಳಿಯ ಬೆಟ್ಟದಲ್ಲಿ ಪತ್ತೆಹಚ್ಚಿದರು. ದೇಹಾವಶೇಷಗಳು ದೆಹಲಿಯಿಂದ ಅಮೆರಿಕಕ್ಕೆ ಹೋದದ್ದು 2016ರಲ್ಲಿ; ಸಿಬ್ಬಂದಿಯಲ್ಲೊಬ್ಬರಾದ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅವರದೆಂದು ಗುರುತಿಸಿ 2017ರಲ್ಲಿ ಜಾರ್ಜಿಯಾದ ಅವರ ಊರಿನಲ್ಲಿ ಮಣ್ಣುಮಾಡಿದರು. ಎಪ್ಪತ್ತಮೂರು ವರ್ಷ ಒಂದು ಮನೆತನ ಕಾದಿತ್ತು. ಕಾಣೆಯಾದ ಅಮೆರಿಕನ್ ವಿಮಾನಗಳ ವರದಿಗಳಲ್ಲಿ ಎಂಜಿನ್‌ಗಳ, ಮೆಷಿನ್ ಗನ್‌ಗಳ ಸಂಖ್ಯೆಗಳನ್ನೂ ಬರೆದಿಡುತ್ತಿದ್ದರು. ಆದ್ದರಿಂದ ಅಂಗೈಯಗಲದ ಲೋಹದ ಪಟ್ಟಿಯ ಮೇಲಿನ ಅಂಕಿಯೂ ಇಡೀ ಸಿಬ್ಬಂದಿಯ ಗುರುತು ಹೇಳಬಲ್ಲದು.

ನಮ್ಮ ಬೆಟ್ಟಗಳಲ್ಲಿ ಇದಕ್ಕೆ ಸಮನಾದ ಆಕರ ಕಾಫಿ ತೋಟದ ಪುಸ್ತಕಗಳು. ತೋಟದ ಮಳೆ ಪುಸ್ತಕದಲ್ಲಿ ದಿನದಿನದ ಮಳೆ ಇಂಚು, ಸೆಂಟುಗಳಲ್ಲಿ ದಾಖಲಾಗುತ್ತದೆ. ವಿಮಾನ ಕಾಣೆಯಾದ ದಿನ ಮೋಡ ಮುಸುಕಿತ್ತೇ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇರೆಲ್ಲೂ ದೊರೆಯದು. ಕೊಯ್ಲಿನ ನಡುವೆ ಆಳುಗಳನ್ನು ಹುಡುಕಾಟಕ್ಕೆ ಕಳಿಸಿದ್ದರೆ ತೋಟದ ರೈಟರು ಬರೆದ ಚೆಕ್‌ರೋಲಿನಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಅದರ ಸುಳಿವು ಉಳಿದೀತು. ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳಿ ಪ್ರಯೋಜನವಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆಯೋ ಆಮೇಲೋ, ಹಣ್ಣು ಕುಯ್ಲು ಮುಗಿದಿತ್ತೋ ಎಂದು ಕೇಳಿದರೆ ತಿಂಗಳು ತಾನಾಗಿ ತಿಳಿಯುತ್ತದೆ. 1944ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತು ದಾಟಿದ್ದಾರೆ.

ಸಮಾಧಿ ತಿಳಿಯದ ಕಾಮನ್‌ವೆಲ್ತ್ ಯೋಧರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದ ಮೇಲಿವೆ, ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಸ್ಕ್ವಾಡ್ರನ್ ದಿನಚರಿಗಳು ಹತ್ತು ವರ್ಷ ಬಿಟ್ಟು ಹೋದರೂ ಅಲ್ಲೇ ಇರುತ್ತವೆ. ಆದರೆ ತೋಟ ಪಾಲಾದಾಗ, ಮಾರಾಟವಾದಾಗ ಮಳೆ ಪುಸ್ತಕ, ಚೆಕ್‌ರೋಲುಗಳು ಒಲೆಗೋ ರದ್ದಿಗೋ ಹೋಗುತ್ತವೆ. ಹಾಗಾಗಿ ಈ ಶೋಧ ಶುರುವಾಗಬೇಕಾದ್ದು ಮಂಜರಾಬಾದಿನ ಬಂಗಲೆಗಳ ಅಟ್ಟಗಳಿಂದ, ಈ ಮಳೆಗಾಲಕ್ಕೆ ಮುಂಚೆಯೇ.