ದೇವರ ಹೆಸರಿನಲ್ಲಿ ಹೇಳಿದ ಕಾರಣಗಳು: ಮಾರ್ಮನ್ ಇತಿಹಾಸದಿಂದ ಒಂದು ಪಾಠ



ನೂರು ವರ್ಷ ದೇವರ ಆಜ್ಞೆಯೆಂದು ಕಲಿಸಿದ ಮಾತನ್ನು ಒಂದು ಧಾರ್ಮಿಕ ಸಮುದಾಯ ಕೈಬಿಡಬೇಕಾಗಿ ಬಂದರೆ ಏನು ಮಾಡುತ್ತದೆ? ಕಲಿಸಿದವರು ತೀರಿಹೋಗಿರುತ್ತಾರೆ. ನಂಬಿದವರು, ಅದರಿಂದ ನೋವು ಉಂಡವರು ಮಾತ್ರ ಉಳಿದಿರುತ್ತಾರೆ. ಅಮೆರಿಕದ ಮಾರ್ಮನ್ ಚರ್ಚಿನ ಇತಿಹಾಸ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದೆ. ಹತ್ತಿರದ ಕಾಲದ್ದಾದ್ದರಿಂದ ಅದಕ್ಕೆ ದಾಖಲೆಗಳೂ ಚೆನ್ನಾಗಿ ಉಳಿದಿವೆ.

ಈ ಚರ್ಚನ್ನು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದವರು ಜೋಸೆಫ್ ಸ್ಮಿತ್. ಆಗ ಅವರಿಗೆ 24 ವರ್ಷ. ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥವೂ ಅದೇ ವರ್ಷ ಅಚ್ಚಾಯಿತು. 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ಥೇಜ್ ಜೈಲಿಗೆ ನುಗ್ಗಿದ ಗುಂಪೊಂದು ಅವರನ್ನು ಕೊಂದಿತು. ಆ ಬಳಿಕ ಅನುಯಾಯಿಗಳಲ್ಲಿ ಹೆಚ್ಚಿನವರು ಬ್ರಿಗಮ್ ಯಂಗ್ ಅವರ ನೇತೃತ್ವದಲ್ಲಿ ಪಶ್ಚಿಮಕ್ಕೆ ವಲಸೆ ಹೋಗಿ, 1847ರಲ್ಲಿ ಈಗಿನ ಯೂಟಾದಲ್ಲಿ ನೆಲೆಸಿದರು.

ದಿವ್ಯವಾಣಿ ಇನ್ನೂ ನಿಂತಿಲ್ಲ, ಚರ್ಚಿನ ಅಧ್ಯಕ್ಷರೇ ಆಯಾ ಕಾಲದ ಪ್ರವಾದಿ ಎಂಬುದು ಅವರ ನಂಬಿಕೆ. ಪ್ರವಾದಿತ್ವವು ಮುಹಮ್ಮದ್(ಸ)ರೊಂದಿಗೆ ಪೂರ್ಣಗೊಂಡಿತೆಂದು ನಂಬುವ ನಮಗೆ ಇದು ಒಪ್ಪಿಗೆಯಲ್ಲ. ಆದರೆ ಇಲ್ಲಿ ವಾದ ಮಾಡುವುದು ನನ್ನ ಉದ್ದೇಶವಲ್ಲ. ಅವರ ಚರಿತ್ರೆಯನ್ನು ನ್ಯಾಯವಾಗಿ ನೋಡೋಣ.

ಇಂತಹ ನಂಬಿಕೆಯಲ್ಲಿ ಬದಲಾವಣೆಗೆ ಬಾಗಿಲು ತೆರೆದೇ ಇರುತ್ತದೆ. ಹೊಸ ವಾಣಿ ಬಂದರೆ ಹಳೆಯ ನಿಯಮ ಹೋಗುತ್ತದೆ. ತೊಡಕು ಇರುವುದು ಬೇರೆ ಕಡೆ. ಹಿಂದಿನ ಅಧ್ಯಕ್ಷರೂ ದೇವರ ಹೆಸರಿನಲ್ಲೇ ಮಾತನಾಡಿದ್ದರಲ್ಲವೇ? ಅವರ ಮಾತನ್ನು ಏನೆಂದು ಕರೆಯಬೇಕು?

ಮೊದಲ ಉದಾಹರಣೆ ಬಹುಪತ್ನಿತ್ವ. 1852ರಲ್ಲಿ ಚರ್ಚು ಇದನ್ನು ದೇವರ ಆಜ್ಞೆಯೆಂದು ಬಹಿರಂಗವಾಗಿ ಸಾರಿತು. ಅಮೆರಿಕದ ಸಂಸತ್ತು 1862ರಿಂದ ಒಂದರ ಮೇಲೊಂದು ಕಾನೂನು ತಂದಿತು. 1879ರಲ್ಲಿ ಸುಪ್ರೀಂ ಕೋರ್ಟ್ ಮಾರ್ಮನ್ನರ ವಿರುದ್ಧ ತೀರ್ಪು ನೀಡಿತು. 1887ರ ಕಾನೂನು ಚರ್ಚಿನ ಆಸ್ತಿಗೇ ಕೈಹಾಕಿತು. ಕೊನೆಗೆ 1890ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಒಂದು ಪ್ರಕಟಣೆ ಹೊರಡಿಸಿ, ದೇಶದ ಕಾನೂನಿಗೆ ತಲೆಬಾಗುವುದಾಗಿ ತಿಳಿಸಿದರು. 1896ರಲ್ಲಿ ಯೂಟಾಕ್ಕೆ ರಾಜ್ಯದ ಸ್ಥಾನ ಸಿಕ್ಕಿತು. ಗುಟ್ಟಾಗಿ ನಡೆಯುತ್ತಿದ್ದ ಮದುವೆಗಳನ್ನು ತಡೆಯಲು 1904ರಲ್ಲಿ ಇನ್ನೊಂದು ಪ್ರಕಟಣೆ ಬೇಕಾಯಿತು. ಇಂದು ಬಹುಪತ್ನಿತ್ವ ಆಚರಿಸುವ ಸದಸ್ಯರನ್ನು ಚರ್ಚು ಹೊರಹಾಕುತ್ತದೆ. ಆದರೆ ಅದನ್ನು ಬೋಧಿಸುವ ಅಧ್ಯಾಯವು ಅವರ ಪವಿತ್ರ ಗ್ರಂಥಗಳಲ್ಲಿ ಇಂದಿಗೂ ಇದೆ. ಆಚರಣೆ ನಿಂತಿತು, ಬೋಧನೆ ಸುಳ್ಳೆಂದು ಯಾರೂ ಹೇಳಲಿಲ್ಲ.

ಎರಡನೆಯದು ಹಾಗಲ್ಲ. ಆದಮರೇ ನಮ್ಮ ದೇವರು ಎಂಬರ್ಥದ ಮಾತನ್ನು ಬ್ರಿಗಮ್ ಯಂಗ್ 1852ರಲ್ಲಿ ಪ್ರವಚನದಲ್ಲಿ ಹೇಳಿದರು. ಇದು ಎಲ್ಲರಿಗೂ ರುಚಿಸಲಿಲ್ಲ, ಕ್ರಮೇಣ ಬೋಧನೆಯಿಂದ ಮರೆಯಾಯಿತು. 1976ರಲ್ಲಿ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ಆ ಸಿದ್ಧಾಂತವನ್ನು ಸುಳ್ಳೆಂದು ಸಾರಿದರು. ಒಬ್ಬ ಅಧ್ಯಕ್ಷರು ಬೋಧಿಸಿದ್ದನ್ನು ಇನ್ನೊಬ್ಬ ಅಧ್ಯಕ್ಷರು ತಿರಸ್ಕರಿಸಲು ಸುಮಾರು 124 ವರ್ಷ ಬೇಕಾಯಿತು.

ಮೂರನೆಯದು ಎಲ್ಲಕ್ಕಿಂತ ನೋವಿನದು. ಮಾರ್ಮನ್ನರಲ್ಲಿ ಪೌರೋಹಿತ್ಯ ಕೆಲವೇ ಪಂಡಿತರ ಸ್ವತ್ತಲ್ಲ. ಹನ್ನೆರಡರ ಆಸುಪಾಸಿನ ಹುಡುಗರಿಂದಲೇ ಅರ್ಹ ಗಂಡಸರಿಗೆಲ್ಲ ಅದನ್ನು ಕೊಡುತ್ತಾರೆ. ಎಲೈಜಾ ಏಬಲ್ ಎಂಬ ಕಪ್ಪು ವರ್ಣೀಯರು 1836ರಲ್ಲೇ ಅದನ್ನು ಪಡೆದಿದ್ದರು. ಆದರೆ 1852ರಲ್ಲಿ ಬ್ರಿಗಮ್ ಯಂಗ್ ಆಫ್ರಿಕನ್ ಮೂಲದವರಿಗೆ ಪೌರೋಹಿತ್ಯವಿಲ್ಲವೆಂದು ಘೋಷಿಸಿದರು. ಅವರ ಮಂದಿರಗಳಲ್ಲಿ ನಡೆಯುವ ಮುಖ್ಯ ವಿಧಿಗಳ ಬಾಗಿಲೂ ಆ ಸಮುದಾಯದ ಗಂಡಸರಿಗೆ, ಹೆಂಗಸರಿಗೆ ಮುಚ್ಚಿತು.

ನಿಷೇಧ ಬಂದಮೇಲೆ ‘ಏಕೆ?’ ಎಂಬ ಪ್ರಶ್ನೆ ಹುಟ್ಟಿತು. ಉತ್ತರಗಳೂ ಹುಟ್ಟಿಕೊಂಡವು. ಕಪ್ಪು ಚರ್ಮ ಕಾಬೀಲನ ಶಾಪದ ಗುರುತು ಎಂದರು ಕೆಲವರು. ಹುಟ್ಟುವ ಮೊದಲಿನ ಆತ್ಮಲೋಕದಲ್ಲಿ ಅವರು ನಿಷ್ಠೆ ತೋರಲಿಲ್ಲ ಎಂದರು ಇನ್ನು ಕೆಲವರು. ಈ ಮಾತುಗಳು ಪುಸ್ತಕ ಸೇರಿದವು, ಮಕ್ಕಳ ಪಾಠ ಸೇರಿದವು. 1949ರಲ್ಲಿ ಚರ್ಚಿನ ಉನ್ನತ ಮಂಡಳಿ, ಇದು ಬರಿಯ ನೀತಿಯಲ್ಲ, ದೇವರ ನೇರ ಆಜ್ಞೆ ಎಂಬರ್ಥದ ಹೇಳಿಕೆ ನೀಡಿತು.

ಇದರ ಬೆಲೆ ತೆತ್ತವರಲ್ಲಿ ಜೇನ್ ಮ್ಯಾನಿಂಗ್ ಜೇಮ್ಸ್ ಒಬ್ಬರು. ಕನೆಕ್ಟಿಕಟ್‌ನ ಈ ಕಪ್ಪು ಮಹಿಳೆ 1840ರ ದಶಕದಲ್ಲಿ ಮಾರ್ಮನ್ ಆದರು. ಮೈಬಣ್ಣದ ಕಾರಣಕ್ಕೆ ದಾರಿಯಲ್ಲಿ ದೋಣಿ ಹತ್ತಲು ಬಿಡದಿದ್ದಾಗ ಮನೆಮಂದಿಯೊಂದಿಗೆ ಸುಮಾರು 1,300 ಕಿಲೋಮೀಟರ್ ನಡೆದು ಜೋಸೆಫ್ ಸ್ಮಿತ್ ಇದ್ದ ಊರು ಮುಟ್ಟಿದರು. 1847ರಲ್ಲಿ ಯೂಟಾಕ್ಕೂ ಬಂದರು. ಮಂದಿರದ ವಿಧಿಗಾಗಿ ಚರ್ಚಿನ ನಾಯಕರಿಗೆ ಮತ್ತೆ ಮತ್ತೆ ಮನವಿ ಮಾಡಿದರು. 1894ರಲ್ಲಿ ಸಿಕ್ಕಿದ್ದು, ಪರಲೋಕದಲ್ಲಿ ಸ್ಮಿತ್ ಕುಟುಂಬಕ್ಕೆ ‘ಸೇವಕಿ’ಯಾಗಿ ಸೇರಿಸುವ ಒಂದು ವಿಧಿ. ಆ ವಿಧಿ ನಡೆದಾಗಲೂ ಅವರನ್ನು ಒಳಗೆ ಬಿಡಲಿಲ್ಲ. ಅವರ ಪರವಾಗಿ ಬೇರೊಬ್ಬರು ನಿಂತರು. 1908ರಲ್ಲಿ ಅವರು ತೀರಿಕೊಂಡರು.

ನಿಷೇಧ ಹೋದದ್ದು 1978ರ ಜೂನ್‌ನಲ್ಲಿ. ಆ ಹೊತ್ತಿಗೆ ಬ್ರೆಜಿಲ್‌ನಲ್ಲಿ ಚರ್ಚು ಬೆಳೆಯುತ್ತಿತ್ತು, ಸಾವೊ ಪಾಲೊದಲ್ಲಿ ಮಂದಿರ ಏಳುತ್ತಿತ್ತು. ಜನಾಂಗಗಳು ಬೆರೆತುಹೋದ ಆ ದೇಶದಲ್ಲಿ ಯಾರ ಮೂಲ ಎಲ್ಲಿಯದೆಂದು ಹುಡುಕುವುದಾದರೂ ಹೇಗೆ? ದೀರ್ಘ ಪ್ರಾರ್ಥನೆಯ ಬಳಿಕ ತನಗೆ ದಿವ್ಯವಾಣಿ ದೊರೆಯಿತೆಂದು ಕಿಂಬಲ್ ತಿಳಿಸಿದರು. ಜಗತ್ತಿನ ಕಪ್ಪು ಸದಸ್ಯರಿಗೆಲ್ಲ ಬಾಗಿಲು ತೆರೆಯಿತು. ಜೇನ್ ಅವರ ಹೆಸರಿನಲ್ಲೂ 1979ರಲ್ಲಿ ವಿಧಿ ನೆರವೇರಿತು. ಅವರು ತೀರಿಕೊಂಡು ಆಗಲೇ 71 ವರ್ಷ ಕಳೆದಿತ್ತು.

ಈಗ ಮುಖ್ಯ ಮಾತಿಗೆ ಬರೋಣ. 1978ರಲ್ಲಿ ಹೋದದ್ದು ನಿಷೇಧ ಮಾತ್ರ. ಅದನ್ನು ಸಮರ್ಥಿಸಲು ಹುಟ್ಟಿಸಿದ ಕಾರಣಗಳು ಹೋಗಲಿಲ್ಲ. ಅವುಗಳನ್ನು ಬೋಧಿಸಿದವರಲ್ಲಿ ಒಬ್ಬರಾದ ಬ್ರೂಸ್ ಮೆಕಾಂಕಿ ಅದೇ ವರ್ಷ, ತಾನೂ ಹಿಂದಿನವರೂ ಇದಕ್ಕೆ ವಿರುದ್ಧವಾಗಿ ಹೇಳಿದ್ದನ್ನೆಲ್ಲ ಮರೆತುಬಿಡಿ ಎಂದು ಕೇಳಿಕೊಂಡರು. ಆದರೆ ಮನೆಮನೆಯಲ್ಲಿ ಕಲಿತ ಮಾತು ಹೇಳಿದ ಕೂಡಲೇ ಮರೆಯುತ್ತದೆಯೇ? ಚರ್ಚು ಆ ಕಾರಣಗಳನ್ನು ಒಂದೊಂದಾಗಿ ಹೆಸರಿಸಿ, ಇವು ನಮ್ಮ ಬೋಧನೆಯಲ್ಲ ಎಂದು ಅಧಿಕೃತ ಪ್ರಬಂಧದಲ್ಲಿ ಬರೆದದ್ದು 2013ರ ಡಿಸೆಂಬರಿನಲ್ಲಿ, ಅಂದರೆ 35 ವರ್ಷಗಳ ನಂತರ. ಹಿಂದೆ ದೇವರ ಆಜ್ಞೆಯೆಂದು ಕರೆದಿದ್ದನ್ನು ಈಗ ಆ ಕಾಲದ ಜನಾಂಗಭೇದದ ಹಿನ್ನೆಲೆಯಲ್ಲಿಟ್ಟು ವಿವರಿಸಲಾಯಿತು. ಹಾಗೆ ಒಪ್ಪಿ ಬರೆದದ್ದು ಸಣ್ಣ ಧೈರ್ಯವಲ್ಲ, ಅದನ್ನು ಮೆಚ್ಚಬೇಕು. ಆದರೆ ಕ್ಷಮೆ ಕೇಳುವ ಮಾತು ಆ ಪ್ರಬಂಧದಲ್ಲಿ ಇಲ್ಲ.

ಗಮನಿಸಿ. ನಿಯಮವನ್ನು ಒಂದು ಪತ್ರದಿಂದ ಹಿಂದಕ್ಕೆ ಪಡೆಯಬಹುದು. ಅದಕ್ಕೆ ಹೊದಿಸಿದ ಕಾರಣವನ್ನು ಹಾಗೆ ಹಿಂದಕ್ಕೆ ಪಡೆಯಲಾಗದು. ಅದು ಅಜ್ಜಿಯ ಬಾಯಿಂದ ಮೊಮ್ಮಗನ ಕಿವಿಗೆ ಹೋಗಿರುತ್ತದೆ, ಒಂದು ಇಡೀ ಜನಾಂಗವನ್ನು ನೋಡುವ ಕಣ್ಣನ್ನೇ ರೂಪಿಸಿರುತ್ತದೆ. ಆ ಕಾರಣಗಳನ್ನು ಹೇಳಿದವರಲ್ಲಿ ಹೆಚ್ಚಿನವರು ಕೆಟ್ಟವರಾಗಿರಲಿಲ್ಲ. ‘ಗೊತ್ತಿಲ್ಲ’ ಎನ್ನಲು ಅವರಿಂದ ಆಗಲಿಲ್ಲ, ಅಷ್ಟೇ. ತಮ್ಮ ಊಹೆಯನ್ನು ದೇವರ ಹೆಸರಿಗೆ ಕಟ್ಟಿದರು.

ಮಿಂಬರಿನ ಮೇಲೆ ನಿಲ್ಲುವ ನಮ್ಮಂಥವರಿಗೂ, ಮನೆಯಲ್ಲಿ ಮಕ್ಕಳಿಗೆ ದೀನ್ ಕಲಿಸುವ ತಾಯಿ ತಂದೆಯರಿಗೂ ಇದು ಎಚ್ಚರಿಕೆ. ನಮ್ಮ ಹಿಂದಿನ ಉಲಮಾಗಳು ಫತ್ವಾದ ಕೊನೆಯಲ್ಲಿ ‘ವಲ್ಲಾಹು ಅಅ್‌ಲಮ್’, ಅಲ್ಲಾಹನೇ ಚೆನ್ನಾಗಿ ಬಲ್ಲವನು ಎಂದು ಬರೆಯುತ್ತಿದ್ದುದು ಅಲಂಕಾರಕ್ಕಲ್ಲ. ಮಗು ‘ಏಕೆ?’ ಎಂದು ಕೇಳಿದಾಗ, ನಮಗೆ ತಿಳಿದಿದ್ದರೆ ಹೇಳೋಣ. ತಿಳಿಯದಿದ್ದರೆ ತಿಳಿಯದು ಎನ್ನೋಣ. ಅದರಲ್ಲೂ ಇನ್ನೊಬ್ಬರ ಬಣ್ಣ, ಕುಲ, ಬಡತನಕ್ಕೆ ದೇವರ ಹೆಸರಿನಲ್ಲಿ ಕಾರಣ ಹುಡುಕಿ ಕೊಡುವ ಮೊದಲು ನಾಲಿಗೆಯನ್ನು ಬಿಗಿಹಿಡಿಯೋಣ.