ಖನಿಜ ಉಣ್ಣೆ: ಚಿಮಣಿ ಲೈನರ್‌ನ ಹೊದಿಕೆ

ಕಲ್ಲು, ಲೋಹದ ಕಿಟ್ಟ ಅಥವಾ ಗಾಜನ್ನು ಕರಗಿಸಿ ಎಳೆ ತೆಗೆದು ಮಾಡಿದ ಶಾಖನಿರೋಧಕ. ಹೆಸರಿನಲ್ಲಿ ಉಣ್ಣೆ ಇದೆಯೇ ಹೊರತು ಕುರಿಗೂ ಇದಕ್ಕೂ ನಂಟಿಲ್ಲ. ಬಸಾಲ್ಟಿನಂಥ ಶಿಲೆಯನ್ನು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಭರದಿಂದ ತಿರುಗುವ ಗಾಲಿಗಳ ಮೇಲೆ ಸುರಿದರೆ ಅದು ಎಳೆಎಳೆಯಾಗಿ ಸಿಡಿಯುತ್ತದೆ. ಅದಕ್ಕೆ ಒಂದಿಷ್ಟು ರಾಳ, ಎಣ್ಣೆ ಬೆರೆಸಿ ಹಾಸು ಮಾಡುತ್ತಾರೆ. ಹವಾಯಿಯ ಕಿಲವೇಯ ಜ್ವಾಲಾಮುಖಿ ಇದೇ ಕೆಲಸವನ್ನು ತಾನಾಗಿ ಮಾಡುತ್ತದೆ. ಗಾಳಿಗೆ ಸಿಕ್ಕಿ ಎಳೆಯಾದ ಆ ಲಾವಾವನ್ನು ಅಲ್ಲಿಯವರು ಪೆಲೆ ದೇವಿಯ ಕೂದಲು ಎನ್ನುತ್ತಾರೆ.

ನಮ್ಮಲ್ಲಿ ಬಾಯ್ಲರ್, ಹಬೆಕೊಳವೆಗಳಿಗೆ ಸುತ್ತುವ ‘ರಾಕ್‌ವೂಲ್’ ಇದೇ. ರಾಳ ಬೆರೆಸಿದ ಹಾಸುಗಳಿಗೆ ಐಎಸ್ 8183 ಎಂಬ ಭಾರತೀಯ ಮಾನಕವೂ ಇದೆ. ಮನೆಯ ಚಿಮಣಿಗೆ ಬಳಸುವ ರೂಢಿ ಮಾತ್ರ ಚಳಿ ದೇಶಗಳದು. ಬ್ರಿಟನ್ನಿನ ಹಳೆಯ ಇಟ್ಟಿಗೆ ಮನೆಗಳಲ್ಲಿ ಸೌದೆ ಒಲೆ ಕೂರಿಸುವಾಗ ಚಿಮಣಿಯೊಳಗೆ ಸ್ಟೇನ್‌ಲೆಸ್ ಸ್ಟೀಲಿನ ಬಳುಕುವ ಕೊಳವೆ ಇಳಿಸುತ್ತಾರೆ. ಲೈನರ್ ಎಂದರೆ ಇದು. ಬರಿಯ ಕೊಳವೆ ಬೇಗ ತಣ್ಣಗಾಗುತ್ತದೆ. ಹೊಗೆಯ ಶಾಖ ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಅದರಲ್ಲಿನ ಟಾರು ಒಳಗೋಡೆಗೆ ಅಂಟುತ್ತದೆ, ಹೊಗೆ ಮೇಲೇರುವ ಸೆಳೆತವೂ ಕುಗ್ಗುತ್ತದೆ. ಹಾಗೆ ಅಂಟಿದ ಟಾರು ಒಂದು ದಿನ ಹೊತ್ತಿಕೊಂಡರೆ ಚಿಮಣಿಯೊಳಗೆ 1,000 ಡಿಗ್ರಿ ದಾಟುವ ಬೆಂಕಿ. ಹೊದಿಕೆ ಹಾಕುವುದು ಹೊಗೆ ಮೇಲಿನ ತುದಿ ಮುಟ್ಟುವವರೆಗೆ ಬಿಸಿಯಾಗಿರಲಿ ಎಂದು. ಕೋಣೆ ಬೆಚ್ಚಗಿಡಲು ಅಲ್ಲ.

ಕೊಳ್ಳುವವರು ಎಡವುವುದು ದಪ್ಪ ಮತ್ತು ಬೆಲೆ ಎರಡನ್ನೇ ನೋಡಿ. ಛಾವಣಿಗೆ ಹಾಸುವ ಮಾಮೂಲಿ ಗಾಜಿನ ಉಣ್ಣೆ ಅಗ್ಗ, ಆದರೆ ಅಷ್ಟು ಬಿಸಿಗೆ ಕುಗ್ಗಿ ಕರಗಿಹೋಗುತ್ತದೆ. ಬೇಕಾದದ್ದು ಕಲ್ಲಿನ ಉಣ್ಣೆ. ಅದರ ಎಳೆ 1,000 ಡಿಗ್ರಿಯವರೆಗೂ ಕರಗದು. ಹಾಗೆಂದು ಎಲ್ಲ ಕಲ್ಲುಣ್ಣೆಯೂ ಆಗುವುದಿಲ್ಲ. ಪೊಟ್ಟಣದ ಮೇಲೆ ಗರಿಷ್ಠ ಬಳಕೆ ಉಷ್ಣತೆ, ಸಾಂದ್ರತೆ, ದಹನಶೀಲವಲ್ಲ ಎಂಬ ಎ1 ದರ್ಜೆ ಇರಬೇಕು, ಲೈನರ್ ತಯಾರಕರ ಒಪ್ಪಿಗೆಯೂ ಬೇಕು. ಕರಪತ್ರದಲ್ಲಿ ದೊಡ್ಡಕ್ಷರದಲ್ಲಿ ಕಾಣುವ ಶಾಖವಾಹಕತೆ ಸಾಮಾನ್ಯವಾಗಿ 10 ಡಿಗ್ರಿಯಲ್ಲಿ ಅಳೆದದ್ದು. ಬಿಸಿ ಏರಿದಂತೆ ಅದೂ ಏರುತ್ತದೆ, ಅಂದರೆ ತಡೆಯುವ ಶಕ್ತಿ ಇಳಿಯುತ್ತದೆ.

ಅಳತೆಯಲ್ಲೂ ಒಂದು ಬಲೆ ಇದೆ. 150 ಮಿ.ಮೀ. ಲೈನರ್‌ಗೆ 25 ಮಿ.ಮೀ. ಹೊದಿಕೆ ಸುತ್ತಿದರೆ ಹೊರವ್ಯಾಸ 200. ಹಾಸನ್ನು ಕೊಳವೆಯ ಸುತ್ತಳತೆಗೆ (471) ಕತ್ತರಿಸಿದರೆ ಅಂಚುಗಳು ಕೂಡುವುದೇ ಇಲ್ಲ. ಹೊರಸುತ್ತಿನ 628 ಮಿ.ಮೀ. ಬೇಕು. ಒಂಬತ್ತು ಮೀಟರ್ ಚಿಮಣಿಗೆ ಸುಮಾರು 5.7 ಚದರ ಮೀಟರ್ ಹಾಸು. ಹಳೆಯ ಚಿಮಣಿಯ ಒಳಕಂಡಿ 225 ಮಿ.ಮೀ. ಚೌಕವಾಗಿದ್ದರೆ ಎರಡೂ ಬದಿ ಉಳಿಯುವುದು ತಲಾ 12 ಮಿ.ಮೀ. ಮಾತ್ರ, ಒಂದು ತಿರುವು ಬಂದರೂ ಸಿಕ್ಕಿಕೊಳ್ಳುತ್ತದೆ. ಆಗ ಲೈನರನ್ನು ಬರಿದೇ ಇಳಿಸಿ ಸುತ್ತಲೂ ವರ್ಮಿಕ್ಯುಲೈಟ್ ಹರಳು ಸುರಿಯುವುದುಂಟು.

ಮುಟ್ಟಿದರೆ ತುರಿಸುವುದು ವಿಷದಿಂದಲ್ಲ, ಎಳೆ ಚರ್ಮಕ್ಕೆ ಚುಚ್ಚುವುದರಿಂದ. ಉಜ್ಜಿದಷ್ಟೂ ಒಳಗಿಳಿಯುವುದರಿಂದ ಮೊದಲು ತಣ್ಣೀರು ಹರಿಸಿ ತೊಳೆಯಬೇಕು. ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ಎಫ್‌ಎಫ್‌ಪಿ2 ಮುಖಗವಸು ಇರಲಿ. ಗರಗಸ ಬೇಡ, ಹರಿತವಾದ ಚಾಕು ಸಾಕು. ಪೊರಕೆಯಿಂದ ಗುಡಿಸಿದರೆ ದೂಳು ಕೂತ ಜಾಗದಿಂದ ಮೂಗಿಗೆ ಬರುತ್ತದೆ. ನೀರು ಚಿಮುಕಿಸಿ ಬಾಚಬೇಕು. ಕೆಲಸಕ್ಕೆ ತೊಟ್ಟ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಒಗೆಯಬಾರದು. ಮೊದಲ ಸಲ ಒಲೆ ಹಚ್ಚಿದಾಗ ರಾಳ ಸುಟ್ಟು ವಾಸನೆ ಬರುತ್ತದೆ, ಕಿಟಕಿ ತೆರೆದಿಡಬೇಕು.

ಶ್ವಾಸಕೋಶದ ಭಯಕ್ಕೆ ಒಂದು ಚರಿತ್ರೆಯಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಕಲ್ಲುಣ್ಣೆಯನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ 2ಬಿ ಗುಂಪಿಗೆ ಸೇರಿಸಿತ್ತು. 2001ರ ಮರುಪರಿಶೀಲನೆಯಲ್ಲಿ ಸಾಕ್ಷ್ಯ ಸಾಲದೆಂದು 3ನೇ ಗುಂಪಿಗೆ ಇಳಿಸಿತು. ಸೆರಾಮಿಕ್ ನಾರಿನ ಹೊದಿಕೆ ಮಾತ್ರ 2ಬಿಯಲ್ಲೇ ಉಳಿಯಿತು. ಯೂರೋಪಿನಲ್ಲಿ ದೇಹದ್ರವದಲ್ಲಿ ಬೇಗ ಕರಗುವ ಎಳೆಗೆ ಇಯುಸಿಇಬಿ ಮುದ್ರೆ ಕೊಡುತ್ತಾರೆ. ಕೊಳ್ಳುವಾಗ ನೋಡಬೇಕಾದದ್ದು ಅದನ್ನು.

ಹಳೆಯ ಚಿಮಣಿಯಲ್ಲಿ ಮೊದಲೇ ತುರುಕಿಟ್ಟ ಬೂದು ನಾರು ಸಿಕ್ಕರೆ ಅದು ಉಣ್ಣೆಯೋ ಆಸ್ಬೆಸ್ಟಾಸೋ ಎಂದು ಕಣ್ಣಿನಿಂದ ಹೇಳಲಾಗದು. ಬ್ರಿಟನ್ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದಕ್ಕೂ ಹಳೆಯ ಮನೆಯಾದರೆ ಪ್ರಯೋಗಾಲಯದ ವರದಿ ಬರುವವರೆಗೆ ಅದನ್ನು ಕೆದಕಬಾರದು.