ಮ್ಯಾಂಗೋದೊಳಗಿನ ಕಾಯಿ

ಇಂಗ್ಲಿಷಿನ ‘ಮ್ಯಾಂಗೋ’ ಮೂಲದಲ್ಲಿ ಹಣ್ಣಿನ ಹೆಸರಲ್ಲ, ಕಾಯಿಯ ಹೆಸರು. ತಮಿಳಿನ ‘ಮಾ’ ಎಂದರೆ ಮಾವು; ಅದಕ್ಕೆ ‘ಕಾಯ್’ ಸೇರಿ ‘ಮಾಂಗಾಯ್’ ಆಯಿತು. ಮಲಯಾಳದ ‘ಮಾಙ್ಙ’ ಅದರದೇ ಸವೆದ ರೂಪ. ಪೋರ್ಚುಗೀಸರ ಬಾಯಲ್ಲಿ ಅದು ‘ಮಾಂಗಾ’ ಆಗಿ, 16ನೆಯ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲಿಷಿಗೂ ದಾಟಿತು. ಅಂಕೋಲೆಯ ಸಂತೆಯಲ್ಲಿ ಮಾವಿನಕಾಯಿ ಕೇಳಿದವರಿಗೆ ಹಣ್ಣು ಕೊಟ್ಟರೆ ವ್ಯಾಪಾರ ಕೆಟ್ಟೀತು. ಇಂಗ್ಲಿಷಿಗೆ ಆ ಚಿಂತೆಯಿಲ್ಲ. ಅದರ ‘ಫ್ರೂಟ್’ ಲ್ಯಾಟಿನ್ನಿನಲ್ಲಿ ಅನುಭೋಗ, ಉತ್ಪತ್ತಿ ಎಂಬ ಅರ್ಥದ ‘ಫ್ರುಕ್ಟುಸ್’ನಿಂದ ಬಂದದ್ದು, ಮಾಗಿತೋ ಇಲ್ಲವೋ ಎಂಬುದು ಅದಕ್ಕೆ ಮುಖ್ಯವಲ್ಲ. ಹಾಗಾಗಿ ಅದು ಸಂಸ್ಕೃತದ ‘ಫಲ’ಕ್ಕೆ ಹತ್ತಿರ, ಕನ್ನಡದ ‘ಹಣ್ಣಿ’ಗಲ್ಲ.

ಪದ ಕಾರವಾರದ ಕಡೆಯಿಂದ ಹಡಗು ಹತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ವಾಸ್ಕೋ ಡ ಗಾಮ 1498ರಲ್ಲಿ ಮರಳುವಾಗ ಕಾರವಾರದೆದುರಿನ ಅಂಜುದೀವ್ ದ್ವೀಪದಲ್ಲಿ ತಂಗಿದ್ದ. 1505ರಲ್ಲಿ ಅಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. 1510ರಲ್ಲಿ ಗೋವೆ ಅವರ ವಶವಾಯಿತು. ಇಲ್ಲಿನ ಕೊಂಕಣಿಯಲ್ಲಿ ಮಾವು ‘ಆಂಬೊ’. ಆದರೆ ಅವರ ವ್ಯಾಪಾರ ಮೊದಲು ಬೇರೂರಿದ್ದು ಮಲಬಾರಿನಲ್ಲಿ, ನಾಲಿಗೆಗೆ ಹತ್ತಿದ್ದೂ ಅಲ್ಲಿಯ ಪದವೇ. 1563ರಲ್ಲಿ ಗೋವೆಯಲ್ಲೇ ಅಚ್ಚಾದ ಗಾರ್ಸಿಯಾ ದ ಓರ್ತಾನ ಗ್ರಂಥದಲ್ಲೂ ಅದು ‘ಮಾಂಗಾ’ ಆಗಿಯೇ ಇದೆ.

ಹೆಸರಿನಂತೆ ರುಚಿಯೂ ಇಂಗ್ಲೆಂಡಿಗೆ ಮೊದಲು ತಲುಪಿದ್ದು ಕಾಯಿಯದೇ. ಹಡಗಿನಲ್ಲಿ ತಿಂಗಳುಗಟ್ಟಲೆ ಹಣ್ಣು ಬಾಳದು, ಉಪ್ಪಿನಲ್ಲಿಟ್ಟ ಕಾಯಿ ಬಾಳುತ್ತದೆ. 17ನೆಯ ಶತಮಾನದ ಲಂಡನ್ನಿಗೆ ‘ಮ್ಯಾಂಗೋ’ ಎಂದರೆ ಉಪ್ಪಿನಕಾಯಿ. ಕಾರವಾರದಲ್ಲಿ 1638ರಲ್ಲಿ ಕೋಠಿ ತೆರೆದ ಆಂಗ್ಲರು ಹಣ್ಣನ್ನೇ ಸವಿದಿರಬೇಕು. ಊರಲ್ಲಿದ್ದ ಅವರ ಬಂಧುಗಳಿಗೆ ಆ ಭಾಗ್ಯವಿರಲಿಲ್ಲ. ಮುಂದೆ ಸೌತೆ, ಪೀಚ್, ಎಳೆಯ ಕರಬೂಜಗಳೊಳಗೆ ಮಸಾಲೆ ತುಂಬಿ ವಿನೆಗರಿನಲ್ಲಿ ನೆನೆಸಿದ್ದೂ ‘ಮ್ಯಾಂಗೋ’ ಎನಿಸಿಕೊಂಡಿತು. ಹಾಗೆ ನೆನೆಸುವ ಕೆಲಸಕ್ಕೂ ಅದೇ ಪದ ಕ್ರಿಯಾಪದವಾಯಿತು. ಅಮೆರಿಕದ ಕೆಲವು ಭಾಗಗಳಲ್ಲಿ ದೊಣ್ಣೆಮೆಣಸಿನಕಾಯಿಯನ್ನು ಮೊನ್ನೆಮೊನ್ನೆಯವರೆಗೂ ಮ್ಯಾಂಗೋ ಎನ್ನುತ್ತಿದ್ದರು. ನಗುವ ಹಾಗಿಲ್ಲ: ಕರಾವಳಿಯಲ್ಲಿ ಸಿಗಡಿ ಹಾಕಿದರೂ ಅದು ಉಪ್ಪಿನ‘ಕಾಯಿ’ಯೇ.

ಕಾಯಿ ಅಡಗಿರುವ ಇಂಗ್ಲಿಷ್ ಪದ ಇದೊಂದೇ ಅಲ್ಲ. ‘ಅರೆಕಾ’ ಮಲಯಾಳದ ‘ಅಡಕ್ಕ’ದಿಂದ ಹೋದದ್ದು, ತಮಿಳಿನ ‘ಅಡೈಕ್ಕಾಯ್’, ಕನ್ನಡದ ‘ಅಡಿಕೆ’ ಅದರ ಒಡಹುಟ್ಟುಗಳು. ‘ಆರೆಂಜ್’ ಸಂಸ್ಕೃತದ ‘ನಾರಂಗ’ದಿಂದ ಹೊರಟು ಪರ್ಶಿಯನ್, ಅರಬ್ಬಿಗಳನ್ನು ಹಾದು ಯುರೋಪಿನಲ್ಲಿ ಮೊದಲ ನಕಾರವನ್ನೇ ಕಳೆದುಕೊಂಡಿತು. ಆ ‘ನಾರಂಗ’ವೂ ದ್ರಾವಿಡ ಮೂಲದ್ದು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ‘ಜಾಕ್’ ಮಲಯಾಳದ ‘ಚಕ್ಕ’. ಇಂಗ್ಲಿಷರ ಕಿವಿಗೆ ಮಾತ್ರ ಅದು ಯಾರೋ ಹುಡುಗನ ಹೆಸರಿನಂತೆ ಕೇಳುತ್ತದೆ.

ಬಂದ ಹಣ್ಣುಗಳ ಹೆಸರು ಇನ್ನೊಂದು ಬಗೆ. ಬ್ರೆಜಿಲಿನ ತುಪಿ ಜನರ ‘ಅಕಾಜು’ ಪೋರ್ಚುಗೀಸಿನಲ್ಲಿ ‘ಕಾಜು’, ಇಂಗ್ಲಿಷಿನಲ್ಲಿ ‘ಕ್ಯಾಶ್ಯೂ’ ಆಯಿತು. ಕೊಂಕಣಿ ‘ಕಾಜು’ವನ್ನು ಹಾಗೇ ಇಟ್ಟುಕೊಂಡಿತು. ಕನ್ನಡ ಹಾಗೆ ಮಾಡಲಿಲ್ಲ. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಡಿನ ಗೇರಿನ ಹೆಸರನ್ನೇ ಹೊಸಬನಿಗೂ ಕೊಟ್ಟಿತು. ಬೀಜ ಹೊರಗೆ ತೂಗುವ ಆ ಹಣ್ಣನ್ನು ಇಂಗ್ಲಿಷ್ ‘ಕ್ಯಾಶ್ಯೂ ಆ್ಯಪಲ್’ ಎನ್ನುತ್ತದೆ. ಹಿಂದೆ ಅಲ್ಲಿ ‘ಆ್ಯಪಲ್’ ಯಾವ ಹಣ್ಣಿಗೂ ಸಲ್ಲುತ್ತಿತ್ತು. ‘ಪೈನಾಪಲ್’ ಕೂಡ ಮೊದಲು ಅನಾನಸಲ್ಲ, ಪೈನ್ ಮರದ ಒರಟು ಕಾಯಿ. ಕಾರವಾರದ ಪೇರಲದಲ್ಲಿ ಪೋರ್ಚುಗೀಸಿನ ‘ಪೇರಾ’ ಇದೆ. ಅದು ಪಿಯರ್ ಹಣ್ಣಿನ ಹೆಸರು. ಹೀಗೆ ಅಮೆರಿಕದ ಹಣ್ಣು ಯುರೋಪಿನ ಇನ್ನೊಂದು ಹಣ್ಣಿನ ಹೆಸರು ಹೊತ್ತು ಇಲ್ಲಿ ಮನೆಮಾಡಿತು.

ಮಾವಿನ ತಳಿಗಳಲ್ಲಿ ‘ಅಲ್ಫಾನ್ಸೋ’ ಗೋವೆ ಗೆದ್ದ ಅಫೊನ್ಸೊ ದ ಅಲ್ಬುಕರ್ಕ್‌ನ ಹೆಸರಿನದೆಂಬುದು ರೂಢಿಯ ಮಾತು. ಊರವರು ಅದನ್ನು ‘ಆಪೂಸ್’ ಎಂದು ಸವೆಸಿದ್ದಾರೆ. ಅಂಕೋಲೆಯ ಹೆಮ್ಮೆಯ ಇಶಾಡದಲ್ಲಿ ಎರಡು ಬಗೆ: ಸಿಪ್ಪೆ ತೆಳುವಾದ, ತಿರುಳು ಹೆಚ್ಚಾದ ಕರಿ ಇಶಾಡ, ಸಿಪ್ಪೆ ದಪ್ಪನೆಯ ಬಿಳಿ ಇಶಾಡ. ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ನೋಂದಣಿಯ ಇಂಗ್ಲಿಷ್ ಹೆಸರಿನ ತುದಿಯಲ್ಲಿ ‘ಮ್ಯಾಂಗೋ’ ಕೂತಿದೆ. ಮೇ ತಿಂಗಳಲ್ಲಿ ಹಾಲಕ್ಕಿ ಹೆಂಗಸರು ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಮಾರುವಾಗ ಅದು ಬರೀ ಇಶಾಡ. ಹಣ್ಣು ಎಂದೂ ಸೇರಿಸಬೇಕಿಲ್ಲ.